ಬೀಗ ಹಾಕುವವನೂ ಹೀರೋನಾ?

ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ನಮ್ಮ ಗೆಳತಿಯರ ಮಾತೆಲ್ಲ ಈಗ ‘ಟ್ವೈಲೈಟ್’ ಬಗ್ಗೆಯೇ. ಸ್ಟೆಫನಿ ಮೆಯರ್ 2005ರಲ್ಲಿ ಶುರುಮಾಡಿದ ಕಾದಂಬರಿ ಸರಣಿ ಅದು. ನಾಯಕ ಎಡ್ವರ್ಡ್ ವ್ಯಾಂಪೈರ್. ಆದರೂ ಮನುಷ್ಯರ ರಕ್ತ ಮುಟ್ಟದೆ, ಪ್ರಾಣಿಗಳ ರಕ್ತದಲ್ಲೇ ದಾಹ ತೀರಿಸಿಕೊಳ್ಳುತ್ತಾನೆ. ಶಕ್ತಿಯಿದ್ದೂ ತನ್ನನ್ನು ತಾನೇ ತಡೆದುಕೊಳ್ಳುವವನು ಹೀರೋ. ಅಷ್ಟನ್ನು ನಾನೂ ಒಪ್ಪುತ್ತೇನೆ.

ಆದರೆ ಅವನೇ, ನಾಯಕಿ ಬೆಲ್ಲಾ ಮಲಗಿದ್ದಾಗ ಅವಳಿಗೆ ಗೊತ್ತಾಗದಂತೆ ಕೋಣೆಗೆ ಬಂದು ನೋಡುತ್ತಾ ಇರುತ್ತಾನೆ. ಮೂರನೇ ಪುಸ್ತಕದಲ್ಲಿ, ಗೆಳೆಯನ ಬಳಿ ಹೋದರೆ ಅವಳಿಗೆ ಅಪಾಯವೆಂದು ಅವಳ ಗಾಡಿಯ ಇಂಜಿನ್ನಿನ ಭಾಗವನ್ನೇ ಕಿತ್ತಿಡುತ್ತಾನೆ. “ಎಷ್ಟು ಕಾಳಜಿ ನೋಡೇ!” ಎಂದಳು ಒಬ್ಬಳು.

ನನಗೆ ನೆನಪಾದದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ. 1997ರಲ್ಲಿ ಅದನ್ನು ಟಿ. ಎಸ್. ನಾಗಾಭರಣ ಸಿನಿಮಾ ಮಾಡಿದರು. ಅಲ್ಲಿ ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ ಪ್ರೀತಿಸುತ್ತಾನೆ, ಆದರೆ ತಾನು ಯಾರೆಂದು ಹೇಳುವುದಿಲ್ಲ. ಕೊನೆಗೆ ಊರ ಹಿರಿಯರ ಮುಂದೆ ಹಾವನ್ನು ಕೈಯಲ್ಲಿ ಹಿಡಿದು ಮಾತಾಡುವವಳು ರಾಣಿ. ನನ್ನ ಲೆಕ್ಕದಲ್ಲಿ ಆ ಕಥೆಯ ಹೀರೋ ಅವಳೇ.

ಅಪ್ಪಣ್ಣನ ಬೀಗಕ್ಕೂ ಎಡ್ವರ್ಡ್ ಕೆಡಿಸಿಟ್ಟ ಗಾಡಿಗೂ ಏನು ವ್ಯತ್ಯಾಸ? ಎರಡರಿಂದಲೂ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಒಂದಕ್ಕೆ ಸಿಟ್ಟು, ಇನ್ನೊಂದಕ್ಕೆ ಚಪ್ಪಾಳೆ ಯಾಕೆ?

ವ್ಯಾಂಪೈರ್ ಕಥೆ ಓದಬೇಡಿ ಎನ್ನುತ್ತಿಲ್ಲ, ನಾನೂ ಓದುತ್ತೇನೆ. ಆದರೆ ನಾಳೆ ಯಾರಾದರೂ “ಪ್ರೀತಿ ಇರೋದಕ್ಕೇ ನಿನ್ನ ಫೋನ್ ಪಾಸ್‌ವರ್ಡ್ ಕೇಳ್ತಿರೋದು” ಎಂದರೆ, ಆ ಗಾಡಿ ನೆನಪಿರಲಿ.