ರಜೆ ಬರಲಿ, ಬಣ್ಣವೂ ಬರಲಿ

ಪ್ರಿಯ ಸಹೋದರಿ, ಬೇಸಿಗೆ ರಜೆಗೆ ನಿಮ್ಮ ಮಗಳು ದಿನ ಎಣಿಸುತ್ತಿರಬಹುದು. ಬಣ್ಣದ ಪೆಟ್ಟಿಗೆ ಸಿದ್ಧ, ಕನ್ನಡಿಯ ಮುಂದೆ ಕುಣಿತವೂ ಶುರು. ‘ಎಲ್ಲ ಹರಾಮ್’ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಬೇಡಿ. ನನ್ನ ವಿದ್ಯಾರ್ಥಿನಿಯೊಬ್ಬಳ ಚಿತ್ರವನ್ನು ತಾಯಿ ಹರಿದೆಸೆದರು. ಆಮೇಲೆ ಆಕೆ ಮನೆಯಲ್ಲಿ ಏನನ್ನೂ ತೋರಿಸಲೇ ಇಲ್ಲ, ಅಂಕಪಟ್ಟಿಯನ್ನೂ!

ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿ ಹಿಡಿದು ಆಡುತ್ತಿದ್ದಾಗ ಪ್ರವಾದಿವರ್ಯರು(ಸ) ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ತೋರಿಸಿದರು. ಅವರಿಗೇ ಸಾಕೆನಿಸುವವರೆಗೂ ನಿಂತರು. ಇದು ಬುಖಾರಿಯಲ್ಲಿದೆ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಜ. ಆದರೆ ಮರಗಿಡ ಬರೆಯಬಹುದೆಂದು ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ವಿಜಯಪುರದ ಇಬ್ರಾಹೀಂ ರೋಜಾದ ಗೋಡೆಗಳ ಮೇಲಿನ ಅರಬಿ ಅಕ್ಷರಗಳನ್ನು ಅವಳಿಗೆ ತೋರಿಸಿ.

ಕುಣಿತವೇ? ಮನೆಯೊಳಗೆ, ಗೆಳತಿಯರ ನಡುವೆ ಕುಣಿಯಲಿ ಬಿಡಿ. ಹಾಳೆಗಳನ್ನು ನಾಲ್ಕು ಹೆಚ್ಚೇ ತನ್ನಿ. ಒಂದು ನಿಮಗೂ ಬೇಕಾದೀತು.