ಒಂದೇ ಮಾಸು, ಎರಡು ಜೀವ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿಗೆ ಹೋದರೂ ಅವಳಿ ಕೂಸುಗಳ ಬಗ್ಗೆ ಎರಡೇ ಮಾತು. ಇಬ್ಬರೂ ಗುಂಡಗಿದ್ದರೆ ‘ಒಂದೇ ಅಚ್ಚು’. ಒಂದು ಸೊರಗಿದ್ದರೆ ‘ಬಸುರಿದ್ದಾಗ ಅವ್ವ ಸರಿಯಾಗಿ ಉಣಲಿಲ್ಲ’. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರಾ ಅನ್ಯಾಯ. ಅವ್ವ ಉಂಡ ಅನ್ನ ಒಂದೇ ಆಗಿರುವಾಗ ಒಂದು ಕೂಸು ಮಾತ್ರ ಹೇಗೆ ಸೊರಗೀತು? ಇದನ್ನು ಅತ್ತೆಯೂ ಕೇಳಿಕೊಳ್ಳುವುದಿಲ್ಲ, ಓದಿದ ಗಂಡನೂ ಕೇಳಿಕೊಳ್ಳುವುದಿಲ್ಲ.

ಒಂದೇ ಭ್ರೂಣ ಒಡೆದು ಹುಟ್ಟುವ ತದ್ರೂಪಿ ಅವಳಿಗಳಲ್ಲಿ ಹೆಚ್ಚಿನವರಿಗೆ ಮಾಸು ಒಂದೇ. ಅದನ್ನು ಯಾರೂ ಅಳೆದು ಪಾಲು ಮಾಡಿ ಕೊಡುವುದಿಲ್ಲ. ಒಂದಕ್ಕೆ ಹೆಚ್ಚು ಬಂದೀತು, ಇನ್ನೊಂದಕ್ಕೆ ಕಡಿಮೆ. ಇಬ್ಬರ ರಕ್ತನಾಳಗಳೂ ಅದರೊಳಗೆ ಕೂಡಿಕೊಂಡಿರುತ್ತವೆ. ಇಂಥ 100 ಜೋಡಿಗಳಲ್ಲಿ 10ರಿಂದ 15ರಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡರ ಜೀವಕ್ಕೂ ಕುತ್ತು ಬರುತ್ತದೆ.

ಇನ್ನು ಆ ‘ಒಂದೇ ಅಚ್ಚು’. ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಿಲ್ಲ: ಒಂದೇ ಹಾಸಿನ ಎರಡು ಸೀರೆಗಳಲ್ಲೂ ಎಲ್ಲೋ ಒಂದು ಎಳೆ ಕಡಿದು ಗಂಟು ಬಿದ್ದಿರುತ್ತದೆ. ಜೀವಕೋಶ ಒಂದು ಎರಡಾಗುವಾಗ ವಂಶವಾಹಿಯ ನಕಲಿನಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಐಸ್‌ಲ್ಯಾಂಡಿನ ಸಂಶೋಧಕರು 381 ಜೋಡಿ ತದ್ರೂಪಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗರ್ಭದ ಮೊದಮೊದಲಲ್ಲೇ ಆದ ಇಂಥ ವ್ಯತ್ಯಾಸಗಳು ಜೋಡಿಗೆ ಸರಾಸರಿ ಐದು. ಏನೂ ಸಿಗದಿದ್ದದ್ದು ಬರೇ 38 ಜೋಡಿಗಳಲ್ಲಿ. 39 ಜೋಡಿಗಳಲ್ಲಿ ನೂರಕ್ಕೂ ಹೆಚ್ಚು! ಬಹಳಷ್ಟರಿಂದ ಏನೂ ಆಗುವುದಿಲ್ಲ, ನಿಜ. ಆದರೆ ಒಬ್ಬಳಿಗೆ ಬಂದ ಕಾಯಿಲೆ ಇನ್ನೊಬ್ಬಳಿಗೆ ಬಾರದಿರಲು ಒಮ್ಮೊಮ್ಮೆ ಅಂಥದೊಂದೇ ಸಾಕು. ಇದರಲ್ಲಿ ತಾಯಿಯ ತಪ್ಪೇನು? ಗ್ರಹಣ ನೋಡಿದ್ದೇ? (‘ನಿನ್ನ ತಂಗಿಗೆ ಬರ್ತದ, ನಿನಗ್ಯಾಕ ಬರೂದಿಲ್ಲ?’ ಎಂದು ಅವಳಿಗಳನ್ನು ಎದ್ದು ನಿಲ್ಲಿಸುವ ನಮ್ಮ ಶಿಕ್ಷಕರೂ ಇದನ್ನು ಓದಲಿ.)

ಸ್ಕ್ಯಾನಿಂಗ್ ಕೋಣೆಯಲ್ಲಿ ನಮ್ಮವರಿಗೆ ಬೇಕಾದದ್ದು ಗಂಡೋ ಹೆಣ್ಣೋ. ಅದನ್ನು ಕೇಳುವುದೂ ಹೇಳುವುದೂ 1994ರ ಕಾನೂನಿನಂತೆ ಅಪರಾಧ. ಅವಳಿ ಎಂದಾಗ ಕೇಳಬೇಕಾದದ್ದು, ‘ಮಾಸು ಒಂದೋ, ಎರಡೋ?’ ಅದು ಚೆನ್ನಾಗಿ ತಿಳಿಯುವುದು 11ರಿಂದ 14ನೆಯ ವಾರದೊಳಗೆ. ಒಂದೇ ಎಂದಾದರೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ತೋರಿಸಬೇಕು. ಅಷ್ಟು ಸಲ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗಲು ರೊಕ್ಕ ಎಲ್ಲಿಂದ ತರೋಣ ಎನ್ನುತ್ತಾರೆ. ಏಳನೆಯ ತಿಂಗಳ ಕುಬಸಕ್ಕೆ ಊರೆಲ್ಲ ಊಟ ಹಾಕಿಸುವ ಮನೆಯವರ ಮಾತಿದು! ರಕ್ತದ ಆ ಏರುಪೇರು ಹೆಚ್ಚಾಗಿ ಕಾಣಿಸಿಕೊಳ್ಳುವುದು 16ರಿಂದ 26ನೆಯ ವಾರದೊಳಗೆ, ಅಂದರೆ ಕುಬಸಕ್ಕೂ ಮೊದಲೇ.