ಸರಪಳಿ ಬಿಚ್ಚಿ ಒಳಗೆ ಕರೆಯಿರಿ



ಈ ಸಲದ ಸಂಪಾದಕೀಯ ನಾಯಿಯನ್ನು ಕುರಿತದ್ದು. ಕೆಲವರಿಗೆ ನಗು ಬರಬಹುದು, ಬರಲಿ. ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಓದುಗರು ಚೌತಿ ಹತ್ತಿರ ಬಂದಾಗ ಗೋಷ್ಠಿ ಮುಗಿಸಿ ಚಹಾ ಕುಡಿಯುತ್ತ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಪಟಾಕಿ ಸದ್ದಿಗೆ ನಮ್ಮ ನಾಯಿ ನಡುಗುತ್ತದೆ, ಅನ್ನ ಮುಟ್ಟುವುದಿಲ್ಲ, ಹಗ್ಗ ಹರಿದುಕೊಂಡು ಓಡುತ್ತದೆ, ಏನು ಮಾಡುವುದು? ಹತ್ತು ಜನರಿಗೆ ಹತ್ತು ಸಲ ಬಾಯಿಮಾತಿನಲ್ಲಿ ಹೇಳಿದ್ದನ್ನು ಒಮ್ಮೆ ಬರೆದುಬಿಡೋಣ ಅನ್ನಿಸಿತು. ಇದನ್ನು ಹೇಳಲು ನನಗೆ ಇರುವ ಅರ್ಹತೆ ಒಂದೇ, ನಾನೇ ತಪ್ಪು ಮಾಡಿದವನು.

ನಾನು ಧಾರವಾಡ ಸೀಮೆಯವನು. ಮಾಸ್ತರಿಕೆಗೆಂದು ಕುಮಟಾಕ್ಕೆ ಬಂದವನು ಇಲ್ಲಿಯೇ ಉಳಿದೆ. ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಊರ ನಾಯಿಯ ಮರಿ, ಮಳೆಗಾಲದಲ್ಲಿ ತಾನಾಗಿ ಬಂದು ಜಗಲಿ ಸೇರಿಕೊಂಡದ್ದು. ಜಗಲಿಯ ಕಂಬಕ್ಕೆ ಸರಪಳಿ ಹಾಕಿದರೆ ರಾತ್ರಿಯಿಡೀ ಕಾವಲು, ಹಗಲು ನಿದ್ದೆ. ಒಂದು ಚೌತಿಯ ಐದನೆಯ ದಿನ ಗಣಪತಿ ಬಿಡಲು ಹೊರಟವರು ನಮ್ಮ ಓಣಿಯ ತಿರುವಿನಲ್ಲಿ ನಿಂತು ಗರ್ನಾಲು ಹೊಡೆದರು. ಕರಿಯ ಕಂಬ ಸುತ್ತುತ್ತ ಕಿರುಚತೊಡಗಿತು. ನಾನು ಎರಡು ಸಲ ಗದರಿದೆ. ಮೂರನೆಯ ಸಲ ಕೈಯಲ್ಲಿದ್ದ ಟವೆಲಿನಿಂದ ಹೊಡೆದೆ. ಆಮೇಲೆ ಮೆರವಣಿಗೆ ನೋಡಲು ಹೋದೆ. ತಿರುಗಿ ಬಂದಾಗ ಕಂಬದಲ್ಲಿ ಸರಪಳಿ ಇತ್ತು, ಸರಪಳಿಯ ತುದಿಗೆ ಬೆಲ್ಟು ಇತ್ತು, ಬೆಲ್ಟಿಗೆ ಕೂದಲು ಅಂಟಿತ್ತು. ನಾಯಿ ಇರಲಿಲ್ಲ. ಹೆದ್ದಾರಿಯುದ್ದಕ್ಕೂ ಹುಡುಕಿದೆವು, ರೈಲು ಹಳಿಯ ಗುಂಟ ಹುಡುಕಿದೆವು, ಹೊನ್ನಾವರದವರೆಗೂ ಹೋಗಿ ಕೇಳಿದೆವು. ಸಿಗಲಿಲ್ಲ.

ಅದು ಮಾತು ಕೇಳದ ನಾಯಿಯಲ್ಲ, ಹೆದರಿದ ನಾಯಿ ಎಂಬುದು ನನಗೆ ಆಗ ಹೊಳೆಯಲಿಲ್ಲ. ಇವತ್ತು ನಾನು ಹೇಳಹೊರಟಿರುವುದೆಲ್ಲ ಇಷ್ಟರಲ್ಲೇ ಇದೆ.

ಮನುಷ್ಯನ ಕಿವಿ 20,000 ಹರ್ಟ್ಜ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯ ಕಿವಿ ಸುಮಾರು 45,000 ಹರ್ಟ್ಜ್‌ವರೆಗೆ ಕೇಳುತ್ತದೆ. ನಮಗೆ ಕೇಳದ ಸಣ್ಣ ಸದ್ದುಗಳೂ ಅದಕ್ಕೆ ಕೇಳುತ್ತವೆ. ಹೀಗಿರುವಾಗ ನಾಲ್ಕು ಮಾರು ದೂರದಲ್ಲಿ ಗರ್ನಾಲು ಸಿಡಿದರೆ ಅದರ ಪಾಡೇನು? ನಮಗಾದರೆ ಇವತ್ತು ಚೌತಿ, ಇದು ಹಬ್ಬದ ಸದ್ದು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ಗೊತ್ತು. ನಾಯಿಗೆ ಯಾರೂ ಪಂಚಾಂಗ ಓದಿ ಹೇಳಿಲ್ಲ. ಸದ್ದು ಎಲ್ಲಿಂದ ಬಂತು, ಮುಂದಿನದು ಯಾವಾಗ, ಒಂದೂ ಅದಕ್ಕೆ ತಿಳಿಯದು. ಅಪಾಯದಿಂದ ದೂರ ಓಡುವುದೇ ಅದಕ್ಕೆ ಗೊತ್ತಿರುವ ಉಪಾಯ. ನಾವು ಮಾಡುವುದು ಆ ಕಾಲಿಗೇ ಸರಪಳಿ.

ಕರಾವಳಿಯಲ್ಲಿ ಈ ಕಷ್ಟ ಒಂದು ರಾತ್ರಿಗೆ ಮುಗಿಯುವುದಿಲ್ಲ. ಬಯಲುಸೀಮೆಯಲ್ಲಿ ಪಟಾಕಿ ಎಂದರೆ ದೀಪಾವಳಿ. ಇಲ್ಲಿ ಚೌತಿಯಿಂದಲೇ ಶುರು. ಒಂದು ಮನೆಯ ಗಣಪತಿ ಒಂದೂವರೆ ದಿನಕ್ಕೆ ಹೊರಟರೆ ಇನ್ನೊಂದು ಮನೆಯದು ಐದಕ್ಕೆ, ಸಾರ್ವಜನಿಕ ಗಣಪತಿ ಮತ್ತೂ ತಡ. ಯಾವ ಸಂಜೆ ಯಾವ ಓಣಿಯಲ್ಲಿ ಸಿಡಿಯುತ್ತದೆಂದು ಹೇಳಲಾಗದು. ನಂತರ ದೀಪಾವಳಿ, ತುಳಸಿ ಹಬ್ಬ, ಮದುವೆ ದಿಬ್ಬಣ, ಚುನಾವಣೆ ಗೆದ್ದವರ ಸಂಭ್ರಮ, ಕ್ರಿಕೆಟ್ ಗೆದ್ದ ರಾತ್ರಿ. ತೋಟದಂಚಿನ ಹಳ್ಳಿಗಳಲ್ಲಿ ಮಂಗ, ಹಂದಿ ಓಡಿಸಲು ಹೊಡೆಯುವುದು ಬೇರೆ. ಇದರ ಮೇಲೆ ದೀಪಾವಳಿಯ ಹೊತ್ತಿಗೇ ಸಂಜೆ ಗುಡುಗು ಸಿಡಿಲು. ಪಟಾಕಿಗೆ ಒಮ್ಮೆ ಹೆದರಿದ ನಾಯಿ ಗುಡುಗಿಗೂ ಹೆದರತೊಡಗುತ್ತದೆ, ಕೊನೆಗೆ ಸ್ಕೂಟರಿನ ಸದ್ದಿಗೂ. ಕೇಳಿ ಕೇಳಿ ರೂಢಿಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಲವು ನಾಯಿಗಳಲ್ಲಿ ಆಗುವುದು ತಿರುಗಾಮುರುಗಾ, ವರ್ಷ ಕಳೆದಂತೆ ಹೆದರಿಕೆ ಬಲಿಯುತ್ತದೆ.

ಹೆದರಿಕೆಯನ್ನು ಮೊದಲೇ ಗುರುತಿಸಬೇಕು. ನಡುಗುವುದು, ಕಿರುಚುವುದು ಕೊನೆಯ ಹಂತ. ಅದಕ್ಕೂ ಮುಂಚೆ ಸುಮ್ಮನೆ ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಸೆಕೆ ಇಲ್ಲದಿದ್ದರೂ ನಾಲಗೆ ಚಾಚಿ ತೇಕುತ್ತದೆ, ಅತ್ತಿಂದಿತ್ತ ತಿರುಗುತ್ತದೆ, ಇಷ್ಟದ ತಿನಿಸನ್ನೂ ಮೂಸಿ ಬಿಡುತ್ತದೆ. ಜಗಲಿಯಲ್ಲೇ ಉಚ್ಚೆ ಹೊಯ್ದರೆ ಸೊಕ್ಕಿನಿಂದ ಹೊಯ್ದದ್ದಲ್ಲ. ಆಗ ಹೊಡೆದರೆ, ಗದರಿದರೆ, ಆಕಾಶದ ಸದ್ದಿನ ಜೊತೆಗೆ ಯಜಮಾನನೂ ಹೆದರಿಸಿದಂತಾಯಿತು. ಇನ್ನು ಅದು ಯಾರ ಬಳಿ ಹೋಗಬೇಕು?

ಎರಡನೆಯ ನಾಯಿ ಚಿನ್ನಿ ಬಂದ ವರ್ಷ ನಾನು ನಿರ್ಧಾರ ಮಾಡಿದ್ದೆ, ಹಬ್ಬದ ರಾತ್ರಿ ಸರಪಳಿ ಇಲ್ಲ, ಜಗಲಿ ಇಲ್ಲ, ನಾಯಿ ನಡುಮನೆಯೊಳಗೆ. ಕಷ್ಟ ಬಂದದ್ದು ನಾಯಿಯಿಂದಲ್ಲ, ನಮ್ಮ ಅವ್ವನಿಂದ.

"ನಾಯಿ ಒಳಗ ಬಂದ್ರ ಮನಿ ಮೈಲಿಗಿ ಆಗೂದಿಲ್ಲೇನಪಾ? ನಾಳೆ ನಾ ಪೂಜಿಗೆ ಎಲ್ಲಿ ಕೂಡ್ಲಿ?"

"ಯವ್ವಾ, ಹಾವಿನಹಾಳ ಕಲ್ಲಯ್ಯನ ನಾಯಿ ವೇದ ಓದಿತ್ತು ಅಂತ ನೀನ ಕತಿ ಹೇಳತಿದ್ದಿ."

"ಓದಿತ್ತು, ಖರೇ. ಅಂಗಳದಾಗ ನಿಂತು ಓದಿತ್ತು."

ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಕಲ್ಲಯ್ಯ ಶರಣರ ನಾಯಿ ಎಲ್ಲಿ ನಿಂತು ಓದಿತೆಂದು ನಾನೂ ನೋಡಿಲ್ಲ, ಆ ಕಥೆಯನ್ನು ಪವಾಡವೆಂದು ನಂಬುವವನೂ ಅಲ್ಲ. ಆದರೆ ಆ ರಾತ್ರಿ ನನಗೇ ನಾಚಿಕೆಯಾಯಿತು. ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರೆಂದು ನಾನು ವೇದಿಕೆ ಹತ್ತಿ ಎಷ್ಟು ಸಲ ಮಾತಾಡಿಲ್ಲ? ಆ ಪಟ್ಟಿಯಲ್ಲಿ ನಾಯಿ ಇಲ್ಲ, ನಿಜ. ಹಾಗಿದ್ದರೂ ಹೊಸ್ತಿಲ ಆಚೆಗೊಂದು ಜೀವ ನಡುಗುತ್ತಿರುವಾಗ ಈಚೆಗೆ ಮಡಿಯ ಲೆಕ್ಕ ಹಾಕುತ್ತ ಕೂತವನು ಯಾವ ಸೂತಕ ಕಳೆದುಕೊಂಡ ಹಾಗಾಯಿತು? ಚಿನ್ನಿ ಒಳಗೆ ಬಂತು. ಮರುದಿನ ಅವ್ವ ನೆಲ ಒರೆಸಿ, ಇಬ್ಬತ್ತಿ ಹಚ್ಚಿಕೊಂಡು, ಪೂಜೆಗೆ ಕೂತಳು. ನೆಲ ಒರೆಸಿದರೆ ತೀರಿತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ, ಅನ್ನಕ್ಕೆ ಕೊರತೆಯಿಲ್ಲ. ಹೊಸ್ತಿಲು ದಾಟಿಸುವ ಮನಸ್ಸಷ್ಟೇ ಇಲ್ಲ. ಉಳಿದ ಉಪಾಯಗಳೆಲ್ಲ ಆಮೇಲಿನವು.

ಒಳಗೆ ತಂದ ಮೇಲೆ ಎಲ್ಲಿ ಇಡಬೇಕು? ಹಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದ ಸದ್ದು ಒಳಗಿಳಿಯುತ್ತದೆ. ಆದ್ದರಿಂದ ಹೊರಗೋಡೆ ಇಲ್ಲದ, ಕಿಟಕಿ ಕಡಿಮೆ ಇರುವ ನಡುವಿನ ಕೋಣೆ ಒಳ್ಳೆಯದು. ಅಕ್ಕಿ ಮೂಟೆ ಇಡುವ ಉಗ್ರಾಣವಾದರೂ ಸರಿ. ಕಿಟಕಿ ಮುಚ್ಚಿ, ಪರದೆ ಎಳೆದು, ದೀಪ ಹಚ್ಚಿಡಿ, ದುರುಸಿನ ಮಿಂಚು ಕಾಣಬಾರದು. ಮಂಚದ ಕೆಳಗೆ ಹಳೆಯ ಚಾದರ ಹಾಸಿ, ನೀರಿಡಿ. ಫ್ಯಾನು ಹಾಕಿ, ರೇಡಿಯೋ ಹಚ್ಚಿ. ಮಳೆಗೆ ಕರೆಂಟು ಹೋಗುವುದು ಇಲ್ಲಿ ಹೊಸದೇನಲ್ಲ, ಬ್ಯಾಟರಿ ರೇಡಿಯೋ ಇದ್ದರೆ ಲೇಸು. ಚಿನ್ನಿ ಕಾರವಾರ ಆಕಾಶವಾಣಿಯ ಎಲ್ಲ ಕಾರ್ಯಕ್ರಮವನ್ನೂ ಕೇಳಿದೆ. ಬಾಗಿಲು ಹಾಕಿ ಒಂಟಿಯಾಗಿ ಕೂಡಿಹಾಕಬೇಡಿ, ಮನೆಯವರೊಬ್ಬರು ಜೊತೆಗಿರಬೇಕು. ಅದು ಮೂಲೆ ಸೇರಿದರೆ ಎಳೆಯಬೇಡಿ, ಮಡಿಲಿಗೆ ಬಂದರೆ ದೂಡಬೇಡಿ. ಸಂತೈಸಿದರೆ ಹೆದರಿಕೆ ಇನ್ನೂ ಹೆಚ್ಚುತ್ತದೆ ಎಂಬ ಮಾತು ತಪ್ಪು. ಹೆದರಿದ ಮಗುವನ್ನು ಎತ್ತಿಕೊಂಡದ್ದರಿಂದ ಯಾವ ಮಗು ಕೆಟ್ಟಿದೆ?

ಬೆಳಕಿರುವಾಗಲೇ ತಿರುಗಾಡಿಸಿ, ಮಲಮೂತ್ರ ಮುಗಿಸಿ, ಊಟ ಹಾಕಿಬಿಡಿ. ರಾತ್ರಿ ಹೊರಗೆ ಬಿಡಲೇಬೇಕಾದರೆ ಹಗ್ಗ ಕೈಯಲ್ಲಿರಲಿ. ಬೆಲ್ಟು ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸಾಕು, ಹೆಚ್ಚಾದರೆ ತಲೆ ನುಣುಚಿಕೊಳ್ಳುತ್ತದೆ. ಎದೆಗೆ ಸುತ್ತುವ ಪಟ್ಟಿ ಇನ್ನೂ ಭದ್ರ. ನಿಮ್ಮ ಫೋನ್ ನಂಬರು ಅದರ ಮೇಲಿರಲಿ, ಮೊಬೈಲಿನಲ್ಲಿ ನಾಯಿಯ ಒಂದು ಹೊಸ ಫೋಟೋ ಇರಲಿ. ಕರಿಯನನ್ನು ಹುಡುಕುವಾಗ ನನ್ನ ಬಳಿ ಒಂದು ಫೋಟೋ ಸಹ ಇರಲಿಲ್ಲ. "ಕಪ್ಪು ನಾಯಿ" ಎಂದರೆ ಯಾರು ಗುರುತು ಹಿಡಿಯುತ್ತಾರೆ?

ಇನ್ನೊಂದು ಉಪಾಯ ತೀರ ಸರಳ, ಆದರೆ ಬಹಳ ಜನ ಮಾಡಿ ನೋಡುವುದಿಲ್ಲ. ಪ್ರತಿಯೊಂದು ಢಂ ಎಂಬ ಸದ್ದಿನ ಬೆನ್ನಿಗೆ ಒಂದು ತುಂಡು ತಿನಿಸು ಕೊಡುವುದು. ಸದ್ದು ಮೊದಲು, ತಿನಿಸು ನಂತರ, ತಪ್ಪದೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಎಂಬ ಸಂಶೋಧಕಿ 1225 ನಾಯಿ ಸಾಕುವವರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಗುಣ ಕಂಡಿತೆಂದರು. ಸದ್ದಿನ ಧ್ವನಿಮುದ್ರಣ ಕೇಳಿಸಿ ರೂಢಿ ಮಾಡಿಸಿದವರಲ್ಲಿ ನೂರಕ್ಕೆ ಸುಮಾರು 55, ಮೈಗೆ ಬಿಗಿಯಾದ ಬಟ್ಟೆ ಸುತ್ತಿದವರಲ್ಲಿ ಸುಮಾರು 44 ಮಂದಿ ಹಾಗೆಂದರು. ಇವು ಸಾಕಿದವರ ಮಾತುಗಳೇ ಹೊರತು ಪ್ರಯೋಗಶಾಲೆಯ ಅಳತೆಯಲ್ಲ. ಆದರೂ ನಮ್ಮ ಮನೆಯ ಅನುಭವಕ್ಕೆ ತಾಳೆಯಾಗುತ್ತವೆ. ನಾವು ಕೊಡುವುದು ತುಪ್ಪ ಸವರಿದ ರೊಟ್ಟಿಯ ಚೂರು. ಹಬ್ಬದ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕೊಡಬೇಡಿ. ಒಣದ್ರಾಕ್ಷಿ ನಾಯಿಗೆ ವಿಷ, ಪಂಚಕಜ್ಜಾಯದಲ್ಲಿ ಅದು ಇರಬಹುದು. ಚಾಕಲೇಟು, ಈರುಳ್ಳಿಯೂ ಬೇಡ.

ಧ್ವನಿಮುದ್ರಣದ ರೂಢಿಯನ್ನು ಹಬ್ಬಕ್ಕೆ ಎರಡು ಮೂರು ತಿಂಗಳಿರುವಾಗ ಶುರು ಮಾಡಬೇಕು. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕಿವಿಗೆ ಕೇಳಿಯೂ ಕೇಳದಷ್ಟು ಸಣ್ಣಗೆ ಹಚ್ಚಿ, ನಾಯಿ ನಿಶ್ಚಿಂತೆಯಿಂದ ತಿನ್ನುತ್ತಿದ್ದರೆ ಕೆಲವು ದಿನ ಬಿಟ್ಟು ಒಂದು ಗುಲಗಂಜಿಯಷ್ಟು ಏರಿಸುವುದು. ಕಿವಿ ನಿಮಿರಿತೋ, ಹಿಂದಕ್ಕೆ ಇಳಿಸಬೇಕು. ಅವಸರ ಮಾಡಿದರೆ ನಾವೇ ಹೆದರಿಸಿದಂತೆ. ಚೌತಿಗೆ ವಾರವಿರುವಾಗ ಇದನ್ನು ಹಚ್ಚಬೇಡಿ. ಮರಿ ಸಾಕುವವರು ಮಾತ್ರ ಮೊದಲ ಮೂರು ತಿಂಗಳಲ್ಲೇ ಮಿಕ್ಸರು, ತಟ್ಟೆ ಬಿದ್ದ ಸದ್ದು, ದೂರದ ಪಟಾಕಿ ಎಲ್ಲವನ್ನೂ ಆಟದ ಜೊತೆಗೆ ಪರಿಚಯಿಸಿದರೆ ಮುಂದೆ ಬಹಳ ಅನುಕೂಲ.

ಇಷ್ಟಕ್ಕೂ ತಹಬಂದಿಗೆ ಬಾರದ ನಾಯಿಗಳಿವೆ. ಬಾಗಿಲು ಕಚ್ಚಿ ಹಲ್ಲು ಮುರಿದುಕೊಳ್ಳುವಂಥವು. ಅವನ್ನು ಹಬ್ಬಕ್ಕೆ ಹದಿನೈದು ದಿನ ಮೊದಲೇ ಪಶುವೈದ್ಯರಿಗೆ ತೋರಿಸಿ. ಹೆದರಿಕೆ ತಗ್ಗಿಸುವ ಔಷಧಿಗಳಿವೆ: ಟ್ರಾಜೊಡೋನ್, ಗಾಬಾಪೆಂಟಿನ್, ಆಲ್ಪ್ರಜೋಲಾಮ್. ಯಾವುದು, ಎಷ್ಟು ಎಂಬುದು ವೈದ್ಯರ ಮಾತು. ಸದ್ದಿಲ್ಲದ ದಿನ ಒಮ್ಮೆ ಕೊಟ್ಟು ನೋಡಿರಬೇಕು. ಅಸಿಪ್ರೊಮಜೀನ್ ಎಂಬ ಹಳೆಯ ಮದ್ದೊಂದಿದೆ. ಅದೊಂದನ್ನೇ ಕೊಟ್ಟರೆ ನಾಯಿ ಬಿದ್ದುಕೊಂಡಿರುತ್ತದೆ, ನಮಗೆ ಶಾಂತವಾಗಿ ಕಾಣುತ್ತದೆ, ಒಳಗಿನ ಹೆದರಿಕೆ ಇದ್ದಂತೆಯೇ ಇರುತ್ತದೆ. ಕಟ್ಟಿಹಾಕಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವೈದ್ಯರನ್ನೇ ಕೇಳಿ ತಿಳಿದುಕೊಳ್ಳಿ. ಮನೆಯ ಹಿರಿಯರ ನಿದ್ದೆ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಜಾಣತನ ಯಾರೂ ಮಾಡಬೇಡಿ. ಇಷ್ಟು ವರ್ಷ ಸುಮ್ಮನಿದ್ದ ಮುದಿ ನಾಯಿ ಈಗ ಹೊಸದಾಗಿ ಸದ್ದಿಗೆ ಹೆದರುತ್ತಿದ್ದರೆ ಕೀಲುನೋವೋ ಮತ್ತೊಂದೋ ಇರಬಹುದು, ಅದನ್ನೂ ನೋಡಿಸಿ.

ಇನ್ನು ಸದ್ದು ಮಾಡುವವರ ಮಾತು. ಕಾನೂನು ಇಲ್ಲವೆಂದಲ್ಲ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಗೆ ನಿಷೇಧವಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದಿನ ಪಟಾಕಿ ಹೊಡೆಯುವಂತಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10ರ ಹೊತ್ತನ್ನು ಗೊತ್ತುಮಾಡಿತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಅಂಗಡಿಯ ಬೆಂಕಿಯಲ್ಲಿ ಹತ್ತಾರು ಜನ ದುಡಿಯುವ ಹುಡುಗರು ಸುಟ್ಟುಹೋದ ಮೇಲೆ ನಮ್ಮ ರಾಜ್ಯ ಸರಕಾರ ಹಸಿರು ಪಟಾಕಿ ಮಾತ್ರ, ಮೆರವಣಿಗೆ ಮದುವೆಗಳಿಗೆ ಅದೂ ಬೇಡ ಎಂದು ಸಾರಿತು. ಹಸಿರು ಪಟಾಕಿಯಲ್ಲಿ ಹೊಗೆ ಕಡಿಮೆ, ಸದ್ದು ಇದ್ದೇ ಇದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಆದರೆ ಪೊಲೀಸರಿಗೆ ಫೋನು ಮಾಡುವುದಕ್ಕಿಂತ ಮೊದಲು ನಾನು ನಮ್ಮ ಓಣಿಯ ಗಣಪತಿ ಮಂಡಳಿಯ ಹುಡುಗರ ಬಳಿ ಹೋದೆ. ಅವರಲ್ಲಿ ಅರ್ಧ ಜನ ನನ್ನ ಶಿಷ್ಯರೇ. ಒಬ್ಬ ಹೇಳಿದ, "ಮಾಸ್ತರೇ, ನಾಯಿ ಹೀಂಗೆ ಹೆದರ್ತದೆ ಹೇಳಿ ನಮ್ಗೆ ಗೊತ್ತೇ ಇಲ್ಲಾಗಿತ್ತು." ಈಗ ಅವರು ಗರ್ನಾಲನ್ನು ಹೊಳೆಯ ದಂಡೆಗೆ ಒಯ್ದು ಹೊಡೆಯುತ್ತಾರೆ, ಹೊರಡುವ ಗಂಟೆಯನ್ನು ಮೊದಲೇ ತಿಳಿಸುತ್ತಾರೆ. ಪೂರ್ತಿ ನಿಂತಿಲ್ಲ. ಗಂಟೆ ಗೊತ್ತಾದರೂ ನಾನು ಚಿನ್ನಿಯನ್ನು ಒಳಗೆ ಕರೆಯಲು ಸಮಯ ಸಿಗುತ್ತದೆ.

ಊರವರಿಗೆ ಹೇಳುವ ನಾವು ನಮ್ಮ ಮಠಗಳ ಅಂಗಳವನ್ನೂ ನೋಡಿಕೊಳ್ಳಬೇಕು. ಜಾತ್ರೆಯಲ್ಲಿ ಮದ್ದು ಸುಡುವುದು, ಪಲ್ಲಕ್ಕಿಯ ಮುಂದೆ ಸರ ಹಚ್ಚುವುದು, ಬಸವ ಜಯಂತಿಯ ಮೆರವಣಿಗೆಗೆ ಪಟಾಕಿ, ಇವು ಯಾವ ಶರಣರ ಮಾತಿನಲ್ಲಿವೆ? ಮಠದ ಆವರಣದ ಆಕಳು, ನಾಯಿ, ಮರದ ಮೇಲಿನ ಹಕ್ಕಿ, ಪ್ರಸಾದ ನಿಲಯದ ಎಳೆಯ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಎಲ್ಲರೂ ಆ ಸದ್ದು ಕೇಳಬೇಕು. ಜಾತ್ರಾ ಸಮಿತಿಯವರು ಈ ವರ್ಷದ ಖರ್ಚಿನ ಪಟ್ಟಿಯಲ್ಲಿ ಮದ್ದಿನ ಸಾಲನ್ನು ಹೊಡೆದುಹಾಕಿ ಆ ಹಣವನ್ನು ದಾಸೋಹಕ್ಕೆ ಬರೆಯಲಿ ಎಂದು ಈ ಪುಟದಿಂದ ಬಿನ್ನವಿಸುತ್ತೇನೆ. ಹಾಗೆ ಮಾಡಿದ ಸಮಿತಿಗಳು ನಮಗೆ ಎರಡು ಸಾಲು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಚಿನ್ನಿಗೆ ಪೂರ್ತಿ ಗುಣವಾಗಿದೆ ಎಂದರೆ ಸುಳ್ಳಾದೀತು. ಹೋದ ಚೌತಿಯಲ್ಲೂ ಮೊದಲ ಗರ್ನಾಲಿಗೆ ಮಂಚದಡಿ ಸೇರಿತು. ಆದರೆ ರೊಟ್ಟಿಯ ಚೂರು ತಿಂದಿತು. ಅದನ್ನು ಕೊಡುತ್ತಿದ್ದವಳು ಅವ್ವ. ಶೇಂಗಾ ಸುಲಿಯುತ್ತ ಮಂಚದ ಪಕ್ಕಕ್ಕೇ ಕಾಲು ಚಾಚಿ ಕೂತಿದ್ದಳು. ಹತ್ತು ಗಂಟೆಗೆ ಸದ್ದು ನಿಂತ ಮೇಲೆ ನಾನು ಬಾಗಿಲು ತೆರೆಯಹೋದೆ. "ಇರಲಿ ಬಿಡು, ಮಲಗೇತಿ" ಅಂದಳು.